ಮಡ್ಡಿ ವಾಟರ್ಸ್: ಬೈಸಿಕೊಂಡ ಆಲ್ಬಂ, ಹೊಗಳಿಸಿಕೊಂಡ ಆಲ್ಬಂ

ಅಮೆರಿಕದ ಕಪ್ಪು ಜನರ ಸಂಗೀತವಾದ ಬ್ಲೂಸ್‌ನ ಗಾಯಕ, ಗಿಟಾರ್ ವಾದಕ ಮಡ್ಡಿ ವಾಟರ್ಸ್ ಅವರ ‘ಎಲೆಕ್ಟ್ರಿಕ್ ಮಡ್’ ಆಲ್ಬಂ ಬಗ್ಗೆ ನಾನು ಮೊದಲು ಓದಿದ್ದು ಬೈಗುಳ. ಹಾಡು ಕೇಳಿದ್ದು ಆಮೇಲೆ. ಅದು ಸರಿ ಅನ್ನಿಸಲಿಲ್ಲ. ಅದಕ್ಕೇ ಈ ಸಲ ವಿಮರ್ಶೆ ಪಕ್ಕಕ್ಕಿಟ್ಟು, ಅವರ ಮೂರು ಆಲ್ಬಂಗಳನ್ನು ಒಂದೇ ಹೆಡ್‌ಫೋನಿನಲ್ಲಿ ಒಂದು ವಾರ ಕೇಳಿದೆ. ದಿನಾ ರಾತ್ರಿ, ಊಟ ಆದಮೇಲೆ.

‘ಎಲೆಕ್ಟ್ರಿಕ್ ಮಡ್’ ಬಂದದ್ದು 1968ರಲ್ಲಿ. ರಾಕ್ ಕೇಳುವ ಹುಡುಗರೂ ಕೊಳ್ಳಲಿ ಅಂತ ಚೆಸ್ ರೆಕಾರ್ಡ್ಸ್ ಕಂಪನಿಯ ಮಾರ್ಷಲ್ ಚೆಸ್ ಮಾಡಿಸಿದ್ದು. ಪೀಟ್ ಕೋಸಿ, ಫಿಲ್ ಅಪ್‌ಚರ್ಚ್ ಅವರ ಗಿಟಾರ್‌ಗಳು ಸದ್ದನ್ನು ಒರಟಾಗಿಸುವ ಫಜ್, ಅಳುವಂತೆ ತಿರುಚುವ ವಾ-ವಾ ಹಾಕಿಕೊಂಡು ಕಿರುಚುತ್ತವೆ. ಬ್ಲೂಸ್ ವಿಮರ್ಶಕರು ಕೆಂಡವಾದರು. ಆದರೂ ಅದು ಅಮೆರಿಕದ ಜನಪ್ರಿಯ ಆಲ್ಬಂಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 127ನೇ ಸ್ಥಾನಕ್ಕೆ ಹೋಯ್ತು. ಮಡ್ಡಿ ಅವರಿಗೇ ಅದು ಹಿಡಿಸಲಿಲ್ಲ. ಎಷ್ಟೋ ವರ್ಷಗಳ ನಂತರ ಪಬ್ಲಿಕ್ ಎನಿಮಿ ಎಂಬ ರ‍್ಯಾಪ್ ತಂಡದ ಚಕ್ ಡಿ ಅದನ್ನು ಮೆಚ್ಚಿ ಮಾತಾಡಿದರು. ಡ್ರಮ್ಸ್ ಕೇಳಿದಾಗ ಯಾಕೆ ಅಂತ ನನಗೂ ಗೊತ್ತಾಯ್ತು. ಎಷ್ಟು ದಪ್ಪ ಸದ್ದು, ಎಷ್ಟು ಬಿಗಿ!

ಈ ಆಲ್ಬಂನಲ್ಲಿರುವ ‘ಮ್ಯಾನಿಶ್ ಬಾಯ್’ ಹಾಡು 1977ರ ‘ಹಾರ್ಡ್ ಅಗೇನ್’ ಆಲ್ಬಂನಲ್ಲೂ ಇದೆ. ಎರಡನ್ನೂ ಒಂದರ ಹಿಂದೆ ಒಂದು ಹಾಕಿ ನೋಡಿ. ಮೊದಲನೆಯದರಲ್ಲಿ ಮಡ್ಡಿ ವಾದ್ಯಗಳ ಜೊತೆ ಹೋರಾಡುತ್ತಿದ್ದಾರೆ. ಎರಡನೆಯದರಲ್ಲಿ ಅವರು ಒಂದು ಸಾಲು ಹಾಡಿದರೆ ಇಡೀ ಕೋಣೆ ಕೂಗಿ ಉತ್ತರ ಕೊಡುತ್ತದೆ. ಜಾನಿ ವಿಂಟರ್ ನಿರ್ಮಾಪಕರು, ಹಾರ್ಮೋನಿಕಾ ಜೇಮ್ಸ್ ಕಾಟನ್ ಅವರದು. ವಿಮರ್ಶಕರು ಮನಸಾರೆ ಹೊಗಳಿದರು, ಗ್ರ್ಯಾಮಿಯೂ ಬಂತು. ಇಲ್ಲಿ ನಾನೂ ಅವರ ಪಕ್ಷವೇ.

ಆದರೆ 1968ರ ಸಿಟ್ಟಿಗೆ ನಿಜವಾದ ಕಾರಣ ನನಗೆ ಸಿಕ್ಕಿದ್ದು 1964ರ ‘ಫೋಕ್ ಸಿಂಗರ್’ ಕೇಳಿದಾಗ. ಕರೆಂಟ್ ಇಲ್ಲದ ಅಕೂಸ್ಟಿಕ್ ಗಿಟಾರ್. ಪಕ್ಕದಲ್ಲಿ ಇನ್ನೂ ಯುವಕನಾಗಿದ್ದ ಬಡ್ಡಿ ಗೈ, ಬಾಸ್ ಹಿಡಿದು ವಿಲ್ಲಿ ಡಿಕ್ಸನ್. ಮಡ್ಡಿ ತಂತಿಯ ಮೇಲೆ ಸ್ಲೈಡ್ (ಬೆರಳಿಗೆ ಹಾಕುವ ಕೊಳವೆ) ಎಳೆದು ನಿಲ್ಲಿಸುತ್ತಾರೆ. ಆ ನಿಂತ ಜಾಗದಲ್ಲಿ ಕೋಣೆಯ ಮೌನ ಕೇಳಿಸುತ್ತದೆ. ಆಮೇಲೆ ದನಿ ಬರುತ್ತದೆ, ಕಿವಿಯ ಪಕ್ಕದಲ್ಲೇ ಕೂತು ಹಾಡಿದ ಹಾಗೆ. ‘ಎಲೆಕ್ಟ್ರಿಕ್ ಮಡ್’ನಲ್ಲಿ ಮಡ್ಡಿ ಗಿಟಾರ್ ಮುಟ್ಟಿಲ್ಲ, ಬರೀ ಹಾಡಿದ್ದಾರೆ. ಇಷ್ಟು ಚೆನ್ನಾಗಿ ನುಡಿಸುವವರ ಕೈ ಖಾಲಿ ಬಿಟ್ಟರೆ ಬೇಜಾರಾಗುತ್ತೆ, ಅಲ್ವಾ?

ಹೊಸಬರು ‘ಹಾರ್ಡ್ ಅಗೇನ್’ನಿಂದ ಶುರು ಮಾಡಲಿ, ಅದು ತಕ್ಷಣ ಹಿಡಿಯುತ್ತದೆ. ‘ಎಲೆಕ್ಟ್ರಿಕ್ ಮಡ್’ ಒಂದು ಸಲ ಜೋರಾಗಿ ಹಾಕಿ ಕೇಳಲಿ. ನಾನಂತೂ ವಾರ ಮುಗಿದ ಮೇಲೂ ‘ಫೋಕ್ ಸಿಂಗರ್’ ಒಂದನ್ನೇ ಕೇಳುತ್ತಿದ್ದೇನೆ.