‘ಪೂರ್ತಿ ಲಾಟಿಗೆ ಎಷ್ಟು ಸಾರ್?’ ಅಂತ ಬಂದವರಿಗೆ ಹಳೇ ಪ್ಲೇಟು ಮಾರುವ ಮುನ್ನ

ಸುಮಾರು 260 ಗ್ರಾಮಫೋನ್ ಪ್ಲೇಟು, ಜೊತೆಗೆ ಒಂದು ಪೆಟ್ಟಿಗೆ ಸಿಡಿ. ಬೆಂಗಳೂರಿನ ಹಳೇ ಮನೆ, ತಿಂಗಳೊಳಗೆ ಖಾಲಿ ಮಾಡಬೇಕು. ಫೋಟೊ ಹಾಕಿದ ಮರುದಿನವೇ ಗಿರಾಕಿ ಹಾಜರು. ಒಂದಕ್ಕೆ 100 ರೂಪಾಯಿಯಂತೆ 26,000ಕ್ಕೆ ಮಾತಾಯಿತು. 5,000 ಮುಂಗಡ ಕೊಟ್ಟ, ‘ಇಷ್ಟನ್ನು ಹಾಕಿ ಕೇಳಿ ನೋಡ್ತೀನಿ ಸಾರ್, ಉಳಿದದ್ದಕ್ಕೆ ನಾಳೆ ಗಾಡಿ ತರ್ತೀನಿ’ ಎಂದು 40 ಪ್ಲೇಟು ಚೀಲಕ್ಕೆ ತುಂಬಿಕೊಂಡು ಹೊರಟ. ಗಾಡಿ ಬರಲಿಲ್ಲ. ವಾರ ಬಿಟ್ಟು ಫೋನ್ ಎತ್ತಿದಾಗ ಬಂದ ಉತ್ತರ: ‘ಅರ್ಧಕ್ಕರ್ಧ ಬೂಷ್ಟು ಹಿಡಿದಿದೆ ಸಾರ್, ಕೊಟ್ಟ ದುಡ್ಡಿಗೆ ಸರಿಹೋಯ್ತು ಅಂದ್ಕೊಳ್ಳಿ.’

ದೂರು ಕೊಡೋಣ ಅಂದರೆ ಹೋದದ್ದು ಯಾವ 40 ಎಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಪಟ್ಟಿಯೇ ಇರಲಿಲ್ಲ.

ಆತ ಆರಿಸಿದ ರೀತಿಯನ್ನು ಗಮನಿಸಬೇಕು. ಮೇಲಿದ್ದ ಬಣ್ಣಬಣ್ಣದ ಹಿಂದಿ ಸಿನಿಮಾ ದೊಡ್ಡ ಪ್ಲೇಟು, ಅಂದರೆ ಎಲ್‌ಪಿಗಳನ್ನು ಮುಟ್ಟಲೇ ಇಲ್ಲ. ಅವು ಲೆಕ್ಕವಿಲ್ಲದಷ್ಟು ಅಚ್ಚಾದವು, ಚಿಕ್ಕಪೇಟೆಯ ಸಂಡೇ ಬಜಾರಿನಲ್ಲೂ ಸಿಗುತ್ತವೆ. ಆತನ ಕೈ ಹೋದದ್ದು ತಳದಲ್ಲಿದ್ದ ಕಂದು ಕಾಗದದ ಕವರುಗಳಿಗೆ: ನಿಮಿಷಕ್ಕೆ 78 ಸುತ್ತಿನ ಅರಗಿನ ಪ್ಲೇಟು, ಕನ್ನಡ ಸಿನಿಮಾದ ಏಳಿಂಚಿನ ಚಿಕ್ಕ ಪ್ಲೇಟು ಇಪಿ, ನಾಟಕದ ಪ್ಲೇಟುಗಳ ಸೆಟ್ಟು. ಉದಾಹರಣೆಗೆ, ಗಂಗೂಬಾಯಿ ಹಾನಗಲ್ಲರ ಮೊದಮೊದಲ ಪ್ಲೇಟುಗಳ ಲೇಬಲ್ಲಿನಲ್ಲಿ ಇರುವುದು ‘ಗಾಂಧಾರಿ’ ಎಂಬ ಹೆಸರು. ಮನೆಯವರು ಅದನ್ನು ‘ಯಾರೋ ಗಾಂಧಾರಿ’ ಎಂದು ಪಕ್ಕಕ್ಕಿಡುತ್ತಾರೆ, ವ್ಯಾಪಾರಿ ಇಡುವುದಿಲ್ಲ. ಲಾಟಿನ ಬೆಲೆ ಇರುವುದೇ ಇಂಥ ಕೆಲವು ಪ್ಲೇಟುಗಳಲ್ಲಿ, ಮಿಕ್ಕಿದ್ದು ಬರೀ ತೂಕ. ಆರಿಸಿಕೊಳ್ಳಲು ಬಿಟ್ಟಮೇಲೆ ಅದು ಲಾಟೇ ಅಲ್ಲ. ಪೂರ್ತಿ ಕೊಳ್ಳುವವನು ಪೂರ್ತಿ ದುಡ್ಡು ಕೊಟ್ಟು ಪೂರ್ತಿ ಎತ್ತಬೇಕು. ಆರಿಸುವುದಾದರೆ ಒಂದೊಂದಕ್ಕೂ ಬೇರೆ ಬೆಲೆ.

ಆದ್ದರಿಂದ ಜಾಹೀರಾತಿಗೆ ಮೊದಲು ಪಟ್ಟಿ ಮಾಡಿ. ಕಂಪನಿ, ಕ್ಯಾಟಲಾಗ್ ನಂಬರು, ಹಾಡಿದವರು, ಮ್ಯಾಟ್ರಿಕ್ಸ್ ನಂಬರು (ಅಚ್ಚಿನ ಗುರುತು), ಸ್ಥಿತಿ, ಇಷ್ಟು ಸಾಕು. ಕ್ಯಾಟಲಾಗ್ ನಂಬರನ್ನು ಲೇಬಲ್ ನೋಡಿ ಬರೆಯಿರಿ, ಕವರು ನೋಡಿ ಅಲ್ಲ. ಮೂವತ್ತು ನಲವತ್ತು ವರ್ಷದಲ್ಲಿ ಒಂದರ ಕವರಿಗೆ ಇನ್ನೊಂದು ಸೇರಿರುವುದು ಮಾಮೂಲು. ಎಚ್‌ಎಂವಿಯಲ್ಲಿ ನಂಬರಿನ ಮೊದಲ ಅಕ್ಷರ ಇಸಿಎಲ್‌ಪಿ ಅಂದರೆ ಮಾನೋ, ಇಸಿಎಸ್‌ಡಿ ಅಂದರೆ ಸ್ಟೀರಿಯೋ. ಸ್ಟೀರಿಯೋ ಕವರಿನೊಳಗೆ ಮಾನೋ ಪ್ಲೇಟು ಕಳಿಸಿದರೆ ಅದು ವಾಪಸ್ ಬರುವುದು ಖಂಡಿತ. ಮ್ಯಾಟ್ರಿಕ್ಸ್ ನಂಬರು ಲೇಬಲ್ಲಿನ ಸುತ್ತ, ಹಾಡು ಮುಗಿದಮೇಲೆ ಉಳಿಯುವ ನುಣುಪು ಜಾಗದಲ್ಲಿ ಕೊರೆದಿರುತ್ತದೆ. ಟಾರ್ಚನ್ನು ಓರೆ ಹಿಡಿದರೆ ಕಾಣುತ್ತದೆ. ಒಂದೇ ಕ್ಯಾಟಲಾಗ್ ನಂಬರನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಅಚ್ಚು ಹಾಕಿದ್ದಾರೆ, ಹಾಗಾಗಿ ಕಂಪನಿಯ ಹೆಸರನ್ನೂ ನೋಡಿ. ಗ್ರಾಮಫೋನ್ ಕಂಪನಿ ಆಫ್ ಇಂಡಿಯಾ ಎಂಬುದು ಸರೆಗಮ ಆದದ್ದು 2000ದಲ್ಲಿ. ಸರೆಗಮ ಹೆಸರಿರುವ ಪ್ಲೇಟನ್ನು ‘ಒರಿಜಿನಲ್’, ಅಂದರೆ ಹಳೇ ಮೊದಲ ಅಚ್ಚು, ಎಂದು ಮಾರಲು ಹೋದರೆ ಜಗಳ ನಿಮ್ಮ ಮನೆಗೇ ಬರುತ್ತದೆ.

ಬೆಲೆಗೆ ಪ್ಲೇಟು ಕೊಳ್ಳುವ-ಮಾರುವ ವೆಬ್‌ಸೈಟ್ ಡಿಸ್‌ಕಾಗ್ಸ್‌ನಲ್ಲಿ ಅದೇ ನಂಬರಿನ ಅದೇ ಅಚ್ಚನ್ನು ಹುಡುಕಿ. ‘ಮಾರಾಟಕ್ಕಿದೆ’ ಎಂದು ತೋರಿಸುವ ಬೆಲೆ ಬರೀ ಆಸೆ. ಮಾರಾಟವಾದದ್ದರ ಮಧ್ಯದ ಬೆಲೆಯನ್ನು ಹಿಡಿಯಿರಿ. ಅದೂ ಸ್ಥಿತಿಗೆ ತಕ್ಕಂತೆ ಇಳಿಯುತ್ತದೆ. ಪ್ಲೇಟಿನ ಸ್ಥಿತಿಗೆ ದರ್ಜೆ ಕೊಡುವ ಗೋಲ್ಡ್‌ಮೈನ್ ಅಳತೆಯಲ್ಲಿ ನಿಯರ್ ಮಿಂಟ್‌ಗೆ (ಹೊಸದರಂತಿರುವುದಕ್ಕೆ) ನೂರು ಅಂದರೆ, ಅದಕ್ಕಿಂತ ಕೆಳಗಿನ ದರ್ಜೆ ವಿಜಿ ಪ್ಲಸ್‌ಗೆ ಸುಮಾರು ಐವತ್ತು, ಇನ್ನೂ ಕೆಳಗಿನ ವಿಜಿಗೆ ಇಪ್ಪತ್ತೈದು. ನಮ್ಮ ಮನೆಗಳಲ್ಲಿ ನಿಯರ್ ಮಿಂಟ್ ಅಪರೂಪ. ಮದುವೆ, ಗಣಪತಿ ಪೆಂಡಾಲು, ಸವೆದ ಮುಳ್ಳು, ಎಲ್ಲವನ್ನೂ ಕಂಡ ಪ್ಲೇಟು ಎಷ್ಟು ಹೊಳೆದರೂ ಚರಪರ ಅನ್ನುತ್ತದೆ. ಆದ್ದರಿಂದ ಕಣ್ಣಳತೆಯ ಗ್ರೇಡ್ ಬರೆದು ಬಿಡಬೇಡಿ. ‘ಎರಡನೇ ಬದಿ, ಮೂರನೇ ಹಾಡಿನಲ್ಲಿ ಐದಾರು ಸಲ ಟಿಕ್ ಟಿಕ್, ಮುಳ್ಳು ಹಾರುವುದಿಲ್ಲ’ ಎಂದು ಬರೆಯಿರಿ. ‘ನೀವು ಹೇಳಿದ ಹಾಗಿಲ್ಲ, ಅರ್ಧ ದುಡ್ಡು ವಾಪಸ್ ಹಾಕಿ, ಪ್ಲೇಟು ನನ್ನಲ್ಲೇ ಇರಲಿ’ ಎನ್ನುವವರ ಬಾಯಿ ಕಟ್ಟುವುದು ಇಂಥ ವಾಕ್ಯವೇ.

ಇನ್ನೊಂದು ಕೈಚಳಕ ವಾಪಸಾತಿಯದು: ನಿಮ್ಮ ಒಳ್ಳೆಯ ಪ್ಲೇಟನ್ನು ಇಟ್ಟುಕೊಂಡು ತನ್ನ ಗೀರುಬಿದ್ದದ್ದನ್ನು ಅದೇ ಕವರಿನಲ್ಲಿ ವಾಪಸ್ ಕಳಿಸುವುದು. ಇಲ್ಲಿ ಮ್ಯಾಟ್ರಿಕ್ಸ್ ನಂಬರಿನ ಫೋಟೊ ಒಂದೇ ಸಾಲದು, ಒಂದೇ ಅಚ್ಚಿನ ಎರಡು ಪ್ಲೇಟಿಗೆ ಅದು ಒಂದೇ ಇರಬಹುದು. ಲೇಬಲ್ಲಿನ ಇಂಕಿನ ಕಲೆ, ಹಳೇ ಸಹಿ, ಅಂಗಡಿಯ ಮೊಹರು, ಯಾವುದಾದರೊಂದು ಗುರುತು ಸ್ಪಷ್ಟ ಕಾಣುವ ಫೋಟೊ ಇರಲಿ. ಹೆಸರು ಬರೆದಿದ್ದರೆ ಉಜ್ಜಿ ಅಳಿಸಬೇಡಿ, ಅದೇ ನಿಮ್ಮ ಸಾಕ್ಷಿ.

ಮಾರುವ ಮುನ್ನ ‘ಚೆನ್ನಾಗಿ ಕಾಣಲಿ’ ಎಂದು ತೊಳೆದು ಕೆಡಿಸಿದವರೂ ಕಡಿಮೆಯಿಲ್ಲ. 78ರ ಪ್ಲೇಟು ಅರಗಿನದು, ಸ್ಪಿರಿಟ್ ಅದನ್ನು ಕರಗಿಸುತ್ತದೆ. ಒಂದು ಸಲ ಒರೆಸಿದರೂ ಮೈ ಮಂಕಾಗಿ ಗೆರೆಗಳು ಹಾಳು. ಕವರಿನ ಹರಿದ ಅಂಚಿಗೆ ಸೆಲ್ಲೋಟೇಪ್ ಹಾಕುವುದೂ ಬೇಡ, ಟೇಪಿಗಿಂತ ಹರುಕೇ ವಾಸಿ.

ಪಾರ್ಸೆಲ್ ಮಾಡುವಾಗ ಎಲ್‌ಪಿಯನ್ನು ಕವರಿನೊಳಗೆ ಬಿಡಬೇಡಿ. ದಾರಿಯಲ್ಲಿ ಪೆಟ್ಟು ಬಿದ್ದರೆ ಪ್ಲೇಟಿನ ಅಂಚು ಒಳಗಿನಿಂದಲೇ ಕವರಿನ ಅಂಟನ್ನು ಸೀಳುತ್ತದೆ. ಒಳಚೀಲದ ಸಮೇತ ಹೊರತೆಗೆದು ಕವರಿನ ಹಿಂದೆ ಇಡಿ. ಎರಡೂ ಕಡೆ ರಟ್ಟು ಕೊಡಿ, ಒಂದರ ಒಳಗಿನ ಸುಕ್ಕುಗೆರೆ ಉದ್ದಕ್ಕೆ, ಇನ್ನೊಂದರದ್ದು ಅಡ್ಡಕ್ಕೆ, ಆಗ ಯಾವ ಕಡೆಗೂ ಬಾಗುವುದಿಲ್ಲ. 78ಕ್ಕೆ ಇದು ಸಾಲದು. ಪ್ರತಿ ಪ್ಲೇಟಿನ ನಡುವೆ ರಟ್ಟು, ಡಬ್ಬಿಯೊಳಗೆ ಡಬ್ಬಿ, ಎರಡರ ನಡುವೆ ಸುತ್ತಲೂ ಐದು ಸೆಂಟಿಮೀಟರ್ ಮೆತ್ತೆ. ಪ್ಯಾಕ್ ಮಾಡುವುದನ್ನು ನಿಲ್ಲಿಸದೆ ಒಂದೇ ವಿಡಿಯೊದಲ್ಲಿ ತೆಗೆಯಿರಿ, ವಿಳಾಸದ ಚೀಟಿ ಅಂಟಿಸುವವರೆಗೂ.

ದುಡ್ಡಿನ ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ, ಆದರೂ ಬೀಳುತ್ತಲೇ ಇದ್ದಾರೆ. ‘ನಾನು ಮಿಲಿಟರಿಯವನು, ಕ್ಯೂಆರ್ ಕಳಿಸಿದ್ದೀನಿ, ಸ್ಕ್ಯಾನ್ ಮಾಡಿದ್ರೆ ನಿಮಗೆ ದುಡ್ಡು ಬರುತ್ತೆ’ ಎಂದರೆ ಫೋನ್ ಇಡಿ. ದುಡ್ಡು ಬರಲು ಯುಪಿಐ ಪಿನ್ ಒತ್ತಬೇಕಿಲ್ಲ, ಪಿನ್ ಕೇಳಿತೆಂದರೆ ಹೋಗುತ್ತಿರುವುದು ನಿಮ್ಮದೇ ದುಡ್ಡು. ಸ್ಕ್ರೀನ್‌ಶಾಟ್ ನಂಬದೆ ಬ್ಯಾಂಕಿನ ಖಾತೆ ತೆರೆದು ನೋಡಿ. ದುಡ್ಡು ಹೋಗಿಯೇಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಸಿಡಿಯಲ್ಲಿ ಮೋಸಕ್ಕಿಂತ ಮುಜುಗರವೇ ಹೆಚ್ಚು. ಕವರು ಅಸಲಿ, ಒಳಗಿರುವುದು ಮನೆಯಲ್ಲಿ ಬರ್ನ್ ಮಾಡಿದ ಕಾಪಿ. ತಳ ಹಸಿರು ಅಥವಾ ನೇರಳೆ ಛಾಯೆಯಲ್ಲಿದ್ದರೆ ಅನುಮಾನಿಸಿ. ಅಚ್ಚು ಹಾಕಿದ್ದರ ತಳ ಬೆಳ್ಳಿಯಂತಿದ್ದು, ನಡುವಿನ ಉಂಗುರದಲ್ಲಿ ನಂಬರು ಇರುತ್ತದೆ. ಬೆಳಕಿಗೆ ಹಿಡಿದಾಗ ಸೂಜಿಮೊನೆಯಂಥ ತೂತು ಕಂಡರೆ, ಅಥವಾ ಅಂಚಿನಿಂದ ತಾಮ್ರದ ಬಣ್ಣ ಹರಡುತ್ತಿದ್ದರೆ, ಅದು ಈಗ ಹಾಡಿದರೂ ಉಳಿಯುವ ಭರವಸೆಯಿಲ್ಲ. 1988ರಿಂದ 1993ರ ನಡುವೆ ಇಂಗ್ಲೆಂಡಿನ ಪಿಡಿಒ ಕಾರ್ಖಾನೆಯಲ್ಲಿ ಅಚ್ಚಾದ ಕೆಲವು ಸಿಡಿಗಳಿಗೆ ಈ ತಾಮ್ರದ ರೋಗ ಹತ್ತಿದೆ. ಅಂಥವನ್ನು ಪಟ್ಟಿಯಿಂದ ತೆಗೆದು, ಡಬ್ಬಿಯನ್ನೂ ಒಳಕಾಗದವನ್ನೂ ಬೇರೆ ಮಾರಬಹುದು. ಡಬ್ಬಿ ಒಡೆದವರು ಅದಕ್ಕೇ ಹುಡುಕುತ್ತಿರುತ್ತಾರೆ.