ದುಡ್ಡು ಕೊಟ್ಟು ಸಬ್‌ಸ್ಕ್ರೈಬರ್ ತಗೋಬೇಡಿ, ನಾನು ತಗೊಂಡು ಕೆಟ್ಟೆ

ಇದನ್ನ ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತೇನೆ. ನನಗೆ ಸಬ್‌ಸ್ಕ್ರೈಬರ್ ಮಾರಿದ ಆಸಾಮಿಯೇ ನಮ್ಮ ಹನುಮಂತನಗರದಲ್ಲೇ ಇನ್ನಿಬ್ಬರಿಗೆ ಮೆಸೇಜ್ ಹಾಕಿದ್ದಾನೆ ಅಂತ ನಿನ್ನೆ ಗೊತ್ತಾಯಿತು.

ನನ್ನದೊಂದು ಪುಟ್ಟ ಅಡುಗೆ ಚಾನೆಲ್. ಎರಡು ವರ್ಷಕ್ಕೆ 640 ಸಬ್‌ಸ್ಕ್ರೈಬರ್. ಯೂಟ್ಯೂಬ್‌ನಲ್ಲಿ ಜಾಹೀರಾತಿನ ದುಡ್ಡು ಬರಬೇಕಾದರೆ 1,000 ಸಬ್‌ಸ್ಕ್ರೈಬರ್ ಬೇಕು, ಜೊತೆಗೆ 12 ತಿಂಗಳಲ್ಲಿ ಜನ ಒಟ್ಟು 4,000 ಗಂಟೆ ನೋಡಿರಬೇಕು. ಹಿತಕಿದ ಬೇಳೆ ಸಾರಿನ ವೀಡಿಯೋ ಚೆನ್ನಾಗಿ ಓಡಿದ್ದರಿಂದ ಗಂಟೆ ಹತ್ತಿರ ಬಂದಿತ್ತು. ಸಬ್‌ಸ್ಕ್ರೈಬರ್ ಮಾತ್ರ ಜಗ್ಗುತ್ತಿರಲಿಲ್ಲ.

ಆಗಲೇ ವಾಟ್ಸಾಪ್‌ನಲ್ಲಿ ಮೆಸೇಜ್ ಬಂತು. "ಅಕ್ಕ, ನಿಮ್ಮ ವೀಡಿಯೋ ಸೂಪರ್. ಜನಕ್ಕೆ ತಲುಪ್ತಾ ಇಲ್ಲ ಅಷ್ಟೇ." ಫೋನ್ ಮಾಡಿದೆ. 6,500 ರೂಪಾಯಿಗೆ 1,000 ಸಬ್‌ಸ್ಕ್ರೈಬರ್, ಕಾಮೆಂಟ್ ಫ್ರೀ. "ಎಲ್ಲಾ ನಿಜವಾದ ಜನಾನೇನಪ್ಪಾ?" ಅಂತ ಮೂರು ಸಲ ಕೇಳಿದೆ. ಮೂರು ಸಲ! "ಅಮ್ಮನಾಣೆ ಅಕ್ಕ, ನಮ್ಮ ಬೆಂಗಳೂರು ಜನಾನೇ" ಅಂದ. ಯುಪಿಐನಲ್ಲಿ ಹಾಕಿಬಿಟ್ಟೆ.

ಎರಡನೇ ದಿನ ಬೆಳಿಗ್ಗೆ ನೋಡಿದರೆ 1,640. ಮನೆಯವರನ್ನ ಎಬ್ಬಿಸಿ ತೋರಿಸಿದೆ. ಆಮೇಲೆ ಕಾಮೆಂಟ್ ತೆಗೆದೆ. ಹಿತಕಿದ ಬೇಳೆ ಸಾರಿನ ಕೆಳಗೆ "ನೈಸ್ ಲೊಕೇಶನ್ ಬ್ರೋ". ಅದರ ಕೆಳಗೂ "ನೈಸ್ ಲೊಕೇಶನ್ ಬ್ರೋ". ಅಡುಗೆಮನೆ ಕಟ್ಟೆ ಮೇಲೆ ಮಾಗಡಿ ಅವರೆಕಾಳು ಹಿತಕುತ್ತಿರೋ ನನ್ನ ಎರಡು ಕೈ ಬಿಟ್ಟರೆ ಆ ವೀಡಿಯೋದಲ್ಲಿ ಏನೂ ಇಲ್ಲ! ಯಾವ ಲೊಕೇಶನ್? ಯಾವ ಬ್ರೋ? ಒಂದೊಂದೇ ಹೆಸರು ಒತ್ತಿ ನೋಡಿದೆ. ಫೋಟೋ ಇಲ್ಲ, ವೀಡಿಯೋ ಇಲ್ಲ, ಹೆಸರಿನ ಪಕ್ಕ ಉದ್ದಕ್ಕೆ ಅಂಕಿ. ಕೆಲವರು ಟೆಲಿಗ್ರಾಂ ಲಿಂಕ್ ಬೇರೆ ಹಾಕಿದ್ದರು, "ಮನೆಯಲ್ಲೇ ಕೂತು ದಿನಕ್ಕೆ 5,000 ಗಳಿಸಿ" ಅಂತ. ನನ್ನ ವೀಡಿಯೋ ಕೆಳಗೆ! ನಮ್ಮ ಅತ್ತೆ, ಅವರ ಭಜನೆ ಗುಂಪಿನವರೆಲ್ಲ ನೋಡೋ ವೀಡಿಯೋ ಅದು. ಯಾರಾದರೂ ಆ ಲಿಂಕ್ ಒತ್ತಿ ದುಡ್ಡು ಕಳಕೊಂಡಿದ್ದರೆ? ಹೊಟ್ಟೆಯಲ್ಲಿ ಸಂಕಟ ಶುರುವಾಯಿತು.

ತಕ್ಷಣ ಅವನಿಗೆ ಮೆಸೇಜ್ ಹಾಕಿದೆ. ಅಷ್ಟರಲ್ಲಿ ನಾನು ಅಕ್ಕ ಹೋಗಿ ಮೇಡಂ ಆಗಿದ್ದೆ.

"ಮೇಡಂ, ಸಬ್‌ಸ್ಕ್ರೈಬರ್ ಕೇಳಿದ್ರಿ, ಕೊಟ್ಟಿದ್ದೀವಿ."

"ನಿಜವಾದ ಜನ ಅಂದಿದ್ದೆಯಲ್ಲಪ್ಪಾ?"

"ಎಲ್ಲಾ ಅಕೌಂಟೂ ಆ್ಯಕ್ಟಿವ್ ಇದೆ ಮೇಡಂ."

ಒಂಬತ್ತನೇ ದಿನ ಲೆಕ್ಕ 655ಕ್ಕೆ ಇಳಿಯಿತು. ಸ್ಪ್ಯಾಮ್ ಅಕೌಂಟ್‌ಗಳನ್ನ ಯೂಟ್ಯೂಬ್ ಗುಡಿಸಿ ಹಾಕಿತ್ತು. ಮತ್ತೆ ಕೇಳಿದೆ. "ಡ್ರಾಪ್ ಆಗೋದು ಕಾಮನ್ ಮೇಡಂ. ರೀಫಿಲ್‌ಗೆ 2,000 ಆಗುತ್ತೆ." ಇಷ್ಟಾದ ಮೇಲೂ ದುಡ್ಡು ಕೇಳುತ್ತಾನಲ್ಲ! ವಾಪಸ್ ಕೊಡು, ಇಲ್ಲದಿದ್ದರೆ ಪೊಲೀಸ್‌ಗೆ ಹೋಗುತ್ತೇನೆ ಅಂದೆ. ಅದಕ್ಕೆ ಬಂದ ಉತ್ತರ ಇನ್ನೂ ಚುಚ್ಚುತ್ತಿದೆ. "ಹೋಗಿ ಮೇಡಂ. ದುಡ್ಡು ಕೊಟ್ಟು ಸಬ್‌ಸ್ಕ್ರೈಬರ್ ತಗೊಂಡಿದ್ದು ನೀವು ತಾನೇ?" ಅಷ್ಟು ಹೇಳಿ ಬ್ಲಾಕ್ ಮಾಡಿದ.

ಅವನ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಅದೇ ಸುಡುತ್ತಿರೋದು. ಪ್ರಚಾರಕ್ಕೆ ಬೇರೆಯವರನ್ನ ಇಟ್ಟುಕೊಂಡರೆ ಅವರು ಮಾಡಿದ್ದಕ್ಕೆ ನಮ್ಮ ಚಾನೆಲ್‌ಗೇ ಪೆಟ್ಟು ಬೀಳಬಹುದು ಅಂತ ಯೂಟ್ಯೂಬ್ ನಿಯಮದಲ್ಲೇ ಇದೆ. ಚಾನೆಲ್ಲನ್ನೇ ತೆಗೆದುಹಾಕಬಹುದು. ಎರಡು ವರ್ಷದ ದುಡಿಮೆ! ನಾನಿದನ್ನ ಓದಿದ್ದು ದುಡ್ಡು ಹೋದ ಮೇಲೆ.

ನಾಚಿಕೆಯಿಂದ ಎರಡು ವಾರ ಸುಮ್ನೆ ಕೂತು ಆಮೇಲೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟೆ. ದುಡ್ಡು ಬಂದಿಲ್ಲ. ನಿಮಗೆ ಹೀಗಾದರೆ ಅವತ್ತೇ ಫೋನ್ ಮಾಡಿ. ಕಾಮೆಂಟ್‌ನಲ್ಲಿ ಲಿಂಕ್ ತಡೆಯೋ ಆಯ್ಕೆ ಯೂಟ್ಯೂಬ್ ಸ್ಟುಡಿಯೋ ಸೆಟ್ಟಿಂಗ್ಸ್‌ನಲ್ಲಿ ಇದೆ, ಈಗಲೇ ಆನ್ ಮಾಡಿಕೊಳ್ಳಿ. ಅಕ್ಕ ಅಂದ ತಕ್ಷಣ ಕರಗಬೇಡಿ. ಸಬ್‌ಸ್ಕ್ರೈಬರ್ ಕೊಡಿಸುತ್ತೇನೆ ಅಂದವರ ಹತ್ತಿರ ಮಾತೇ ಬೇಡ.

ದಿನಾ ರಾತ್ರಿ ಕೂತು ಉಳಿದ ಕಸವನ್ನ ಒಂದೊಂದಾಗಿ ಅಳಿಸುತ್ತಿದ್ದೇನೆ. ಹಾಸನದ ಕಡೆಯ ಒಬ್ಬರು ಅಮ್ಮ ಮೊದಲಿನಿಂದಲೂ ನನ್ನ ವೀಡಿಯೋ ನೋಡುವವರು. ಅವರ ಪ್ರಶ್ನೆ ಆ "ಬ್ರೋ"ಗಳ ಮಧ್ಯೆ ಹೂತುಹೋಗಿತ್ತು. "ಕಾಳು ಎಷ್ಟು ಹೊತ್ತು ನೆನೆಸಬೇಕಮ್ಮ?" ಕೇಳಿ ಎಷ್ಟೋ ದಿನ ಆಗಿತ್ತು. ರಾತ್ರಿಯೆಲ್ಲ ನೆನೆಸಿ ಅಂತ ನಿನ್ನೆ ಬರೆದೆ, ತಡವಾಗಿದ್ದಕ್ಕೆ ಕ್ಷಮೆ ಕೇಳಿದೆ. ಅವರಿಂದ ಇನ್ನೂ ಮಾತಿಲ್ಲ.