ಸುಟ್ಟ ಹೆಡ್‌ಲೈಟ್ ಕನೆಕ್ಟರ್‌ಗೆ ಜೆ.ಸಿ. ರಸ್ತೆಯಲ್ಲಿ ಸಿಕ್ಕ ಮದ್ದು

ನನ್ನ ಹಳೇ ಸ್ಪೋರ್ಟ್ಸ್ ಕಾರಿನ ಎಡಗಡೆ ಹೆಡ್‌ಲೈಟ್ ಮಂಕಾಗಿತ್ತು. ಬಲ್ಬಿನ ಪಿನ್ನಿಗೆ ತಂತಿ ಸಿಕ್ಕಿಸುವ ಕನೆಕ್ಟರ್ (ಹೋಲ್ಡರ್) ಎಳೆದರೆ ಪ್ಲಾಸ್ಟಿಕ್ ಕರಗಿ, ಬೆಲ್ಲದ ಪಾಕದ ಹಾಗೆ ಪಿನ್ನಿಗೆ ಅಂಟಿಕೊಂಡಿತ್ತು. ಬೆಂಗಳೂರಿನ ಜೆ.ಸಿ. ರಸ್ತೆ ಹತ್ತಿರದ ಪುಟ್ಟ ಎಲೆಕ್ಟ್ರಿಷಿಯನ್ ಅಂಗಡಿಗೆ ಒಯ್ದೆ. ಅಲ್ಲಿನ ಹಿರಿಯರು ಬರೀ ಹೋಲ್ಡರ್ ಬದಲಿಸಿ ಕಳಿಸಲಿಲ್ಲ. "ಪಿನ್ ಸಡಿಲ ಆದ್ರೆ ಅಲ್ಲೇ ಬಿಸಿ ಹುಟ್ಟೋದು ಸಾರ್" ಅಂತ ತೋರಿಸಿದರು. ನಿಜ, 5 ಆಂಪಿಯರ್ ಹರಿಯುವಲ್ಲಿ ಅರ್ಧ ಓಮ್ ಅಡ್ಡಿ ಬಂದರೂ 12.5 ವ್ಯಾಟ್ ಶಾಖ, ಅದೂ ಅಷ್ಟು ಚಿಕ್ಕ ಜಾಗದಲ್ಲಿ! ಕಪ್ಪಾದ ತಂತಿಯನ್ನು ಹೊಳೆಯುವ ತಾಮ್ರ ಕಾಣುವವರೆಗೂ ಕತ್ತರಿಸಿ, ತುದಿಗೆ ಹೊಸ ಟರ್ಮಿನಲ್ (ಲೋಹದ ಕೊಂಡಿ) ಒತ್ತಿ ಬಿಗಿದು ಕ್ರಿಂಪ್ ಮಾಡಿ, ಎಚ್4 ಮಾದರಿ ಹೆಡ್‌ಲೈಟ್ ಬಲ್ಬಿನ ಸೆರಾಮಿಕ್ ಹೋಲ್ಡರ್ ಹಾಕಿದರು. ಸ್ವಿಚ್ಚಿನ ಹೊರೆ ಇಳಿಸಲು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸಾಧನ) ಕೂಡ ಕೂರಿಸಿದರು. ಮೂರು ಗಂಟೆ ಕಾಯಬೇಕಾಯ್ತು, ಪಾರ್ಕಿಂಗ್ ಅಂತೂ ಬಲು ಕಷ್ಟ. ಆದರೂ ಹಳೇ ಕಾರಿನವರು ಧೈರ್ಯವಾಗಿ ಹೋಗಿ. ರಾತ್ರಿ ಒಂದು ಗಂಟೆ ಲೈಟ್ ಹಾಕಿಟ್ಟು ತಂತಿ ಮುಟ್ಟಿ ನೋಡಿದೆ, ಬರೀ ಉಗುರುಬೆಚ್ಚಗಿತ್ತು.